ಗಾಯ ಮಾಯದಿದ್ದರೆ ಮುಲಾಮನ್ನು ಬೈಯಬೇಡಿ

ನಮ್ಮ ಪಕ್ಕದ ಮನೆಯಾಕೆ ಬಬಲೇಶ್ವರದ ಮದುವೆ ಮುಗಿಸಿಕೊಂಡು ವಿಜಯಪುರಕ್ಕೆ ಬಂದು ಮೂರು ವಾರವಾಗಿತ್ತು. ಅಲ್ಲಿ ಬರಿಗಾಲಲ್ಲಿ ಓಡಾಡುವಾಗ ಅಂಗಾಲಿಗೆ ಏನೋ ಚುಚ್ಚಿದೆ, ಆಕೆಗೆ ಗೊತ್ತೇ ಆಗಿಲ್ಲ. ಹಾಸಿಗೆಯ ಮೇಲೆ ಕಲೆ ಕಂಡಾಗಲೇ ತಿಳಿದದ್ದು. ಅರಿಸಿನ ಆಯಿತು, ಸುಣ್ಣ ಆಯಿತು, ಔಷಧದಂಗಡಿಯ ಮುಲಾಮೂ ಆಯಿತು. ದವಾಖಾನೆಗೆ ಹೋಗಿ ಅಂದರೆ, "ನೋವೇ ಇಲ್ರೀ ಅಕ್ಕಾರ, ಮಾಯ್ತೈತಿ ಬಿಡ್ರಿ" ಅಂತ ನಗು.

ಶುಗರ್ ಇದ್ದವರ ಕಾಲಿನ ಗಾಯಕ್ಕೆ ನೋವಿಲ್ಲ ಅನ್ನುವುದೇ ಕೆಟ್ಟ ಸುದ್ದಿ. ನರಗಳು ಜೋಮು ಹಿಡಿದಿವೆ ಎಂದರ್ಥ. ಕೊನೆಗೆ ಡಾಕ್ಟರಿಗೆ ತೋರಿಸಿದಾಗ ಖಾಲಿ ಹೊಟ್ಟೆಯ ಸಕ್ಕರೆ 260. ನೂರರೊಳಗೆ ಇರಬೇಕಾದದ್ದು, 126 ದಾಟಿದರೇ ಕಾಯಿಲೆ ಅನ್ನುತ್ತಾರೆ. ಗಂಡನ ಮಾತ್ರೆ ಒಂದು ದಿನ ತಪ್ಪಿಸದ ಈಕೆ ತನ್ನ ಮಾತ್ರೆ ನೆನಪಾದಾಗ ನುಂಗುತ್ತಿದ್ದಳು! ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದೇ ಕಥೆಯಲ್ಲ, ಹೇಳಿ?

ಮುಲಾಮು ಯಾಕೆ ಸೋತಿತು? ಗಾಯವಾದ ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಓಡಿಬಂದು ಕ್ರಿಮಿಗಳನ್ನು ನುಂಗಬೇಕು. ರಕ್ತದಲ್ಲಿ ಸಕ್ಕರೆ ಏರಿದ್ದರೆ ಇವು ಪಾಕದಲ್ಲಿ ಬಿದ್ದ ಇರುವೆಯಂತೆ. ಬರುವುದೂ ನಿಧಾನ, ನುಂಗುವ ಶಕ್ತಿಯೂ ಕಡಿಮೆ. ಅವುಗಳ ಹಿಂದೆ ಬರುವ ಮ್ಯಾಕ್ರೋಫೇಜ್ ಎಂಬ ದೊಡ್ಡ ಕಣಗಳದು ಬೇರೆಯೇ ತಕರಾರು. ಮೊದಲು ಕಸ ಗುಡಿಸಿ, ಆಮೇಲೆ ಶಾಂತವಾಗಿ ಹೊಸ ಚರ್ಮ ಬೆಳೆಯಲು ನೆರವಾಗಬೇಕಾದ ಇವು ಸಕ್ಕರೆಯಲ್ಲಿ ಸಿಟ್ಟು ಬಿಡುವುದೇ ಇಲ್ಲ. ಉರಿಯೂತ ಹುಟ್ಟಿಸುವ ರಾಸಾಯನಿಕಗಳನ್ನು ಸುರಿಸುತ್ತಲೇ ಇರುತ್ತವೆ. ಕ್ರಿಮಿ ಸಾಯುವುದಿಲ್ಲ, ಉರಿ ಆರುವುದಿಲ್ಲ. ಆ ಉರಿಯೂತ ಇನ್ಸುಲಿನ್ ಕೆಲಸಕ್ಕೂ ಅಡ್ಡಗಾಲು ಹಾಕುತ್ತದೆ, ಸಕ್ಕರೆ ಮತ್ತೆ ಏರುತ್ತದೆ. ಗಾಣದೆತ್ತಿನ ಸುತ್ತು!

ಗಾಯವೇ ಆಗಬೇಕೆಂದಿಲ್ಲ. ಪದೇ ಪದೇ ಉರಿಮೂತ್ರ, ಹೇಳಿಕೊಳ್ಳಲು ನಾಚುವ ಜಾಗದಲ್ಲಿ ತುರಿಕೆ, ವಸಡಿನ ಬಾವು, ಇವೂ ಇದೇ ಜಗಳದ ಕುರುಹು ಆಗಿರಬಹುದು. 2021ರಲ್ಲಿ ಕೊರೋನಾ ಜೊತೆ ಕಪ್ಪು ಶಿಲೀಂಧ್ರ ಬಂದಾಗ ಹೆಚ್ಚು ನರಳಿದವರು ಸಕ್ಕರೆ ಹತೋಟಿಯಲ್ಲಿಲ್ಲದವರೇ. ಜೊತೆಗೆ ಸ್ಟಿರಾಯ್ಡ್ ಬೇರೆ ಸೇರಿತ್ತು.

ಆದ್ದರಿಂದ ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿಕೊಳ್ಳಿ. ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಅದರಲ್ಲಿ ಸಿಕ್ಕಿಬೀಳುತ್ತದೆ. ಸಾಮಾನ್ಯವಾಗಿ 7ರೊಳಗೆ ಇರಲಿ ಅನ್ನುತ್ತಾರೆ, ನಿಮ್ಮ ಗುರಿ ಡಾಕ್ಟರೇ ಹೇಳಲಿ. ರಾತ್ರಿ ಮಲಗುವ ಮುನ್ನ ಅಂಗಾಲು ನೋಡಿಕೊಳ್ಳಿ, ಬಗ್ಗಲಾಗದಿದ್ದರೆ ಕನ್ನಡಿ ಹಿಡಿಯಿರಿ. ಜೋಮು ಹಿಡಿದ ಕಾಲನ್ನು ಬಿಸಿನೀರಲ್ಲಿ ಇಡಬೇಡಿ, ಸುಟ್ಟರೂ ತಿಳಿಯದು. ಇನ್ನು ತಿಕೋಟಾದ ತವರಿನಿಂದ ಬರುವ ಒಣದ್ರಾಕ್ಷಿ. "ಹಣ್ಣಲ್ವೇನ್ರೀ" ಅಂತ ಮುಷ್ಟಿಗಟ್ಟಲೆ ತಿನ್ನುವವರಿದ್ದಾರೆ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ! ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಡಬ್ಬಿ ಮುಚ್ಚಿಬಿಡಿ.

ನಮ್ಮ ಪಕ್ಕದ ಮನೆಯಾಕೆಯ ಗಾಯ ಈಗ ಒಣಗುತ್ತಿದೆ, ಸಕ್ಕರೆಯೂ ಇಳಿದಿದೆ. ಮೊನ್ನೆ ನೋಡಿದರೆ ಅಂಗಳದಲ್ಲಿ ಮತ್ತೆ ಬರಿಗಾಲು! ಬೈದು, ಚಪ್ಪಲಿ ಹಾಕಿಸಿಯೇ ಬಂದೆ.