ಬನವಿಲ್ಲದ ನಾಗರಕಲ್ಲು

ಪ್ರಕೃತಿ ಮತ್ತು ಪುರಾಣಗಳೆರಡನ್ನೂ ವಸ್ತುವಾಗಿರಿಸಿಕೊಂಡು ಚಿತ್ರಪ್ರದರ್ಶನಗಳನ್ನು ಏರ್ಪಡಿಸುವ ಉತ್ಸಾಹ ನಮ್ಮ ನಗರಗಳಲ್ಲಿ ಆಗಾಗ ಕಂಡುಬರುತ್ತದೆ. ಉತ್ಸಾಹವೇನೋ ಮೆಚ್ಚತಕ್ಕದ್ದೇ. ಆದರೆ ಇಂಥ ಪ್ರದರ್ಶನಗಳಲ್ಲಿ ನಾನು ಸಾಮಾನ್ಯವಾಗಿ ಕಂಡಿರುವ ವ್ಯವಸ್ಥೆ ಒಂದೇ ಬಗೆಯದು: ಒಂದು ಗೋಡೆಯ ಮೇಲೆ ಬೆಟ್ಟ, ತೊರೆ, ಹೂಬಿಟ್ಟ ಮರ, ಎದುರುಗೋಡೆಯ ಮೇಲೆ ರಾಮ, ಕೃಷ್ಣ, ನಟರಾಜ. ಎರಡನ್ನೂ ಕೂಡಿಸುವ ಹೊಣೆಯೆಲ್ಲ ಶೀರ್ಷಿಕೆಯಲ್ಲಿರುವ ‘ಮತ್ತು’ ಎಂಬ ಅವ್ಯಯದ ಮೇಲೆ ಬಿದ್ದಿರುತ್ತದೆ. ಪಾಪ, ಆ ಅವ್ಯಯಕ್ಕೆ ಅಷ್ಟು ಶಕ್ತಿಯಿಲ್ಲ. ನೋಡಬಂದ ವಿದ್ಯಾರ್ಥಿ ಒಂದು ಗೋಡೆಯೆದುರು ‘ಚೆನ್ನಾಗಿದೆ’ ಎಂದುಕೊಂಡು, ಇನ್ನೊಂದರೆದುರು ಕೈಮುಗಿದು ಹೊರಬೀಳುತ್ತಾನೆ. ಪ್ರಕೃತಿಯೂ ಪುರಾಣವೂ ಒಂದಕ್ಕೊಂದು ಏನು ಹೇಳಿದವೆಂಬುದು ಅವನಿಗೆ ತಿಳಿಯುವುದೇ ಇಲ್ಲ.

ಈ ಬೇರ್ಪಡೆ ನಮ್ಮ ಪರಂಪರೆಗೆ ಒಪ್ಪುವಂಥದಲ್ಲ. ಮಹಾಕಾವ್ಯಕ್ಕೆ ಲಕ್ಷಣ ಹೇಳಿದ ಹಳಬರು ಹದಿನೆಂಟು ವರ್ಣನೆಗಳನ್ನು ವಿಧಿಸಿದಾಗ ಸಮುದ್ರ, ಪರ್ವತ, ಋತು, ಸೂರ್ಯೋದಯ, ಚಂದ್ರೋದಯಗಳನ್ನು ವಿವಾಹ, ಮಂತ್ರಾಲೋಚನೆ, ಯುದ್ಧಗಳ ಪಂಕ್ತಿಯಲ್ಲಿಯೇ ಕೂರಿಸಿದರು. ಈ ವಿಧಿಯನ್ನು ಯಾಂತ್ರಿಕವಾಗಿ ಅನುಸರಿಸಿ ಓದುಗರನ್ನು ಬೇಸರಪಡಿಸಿದ ಕವಿಗಳಿಲ್ಲದಿಲ್ಲ. ಆದರೂ ಅದರ ಹಿಂದಿದ್ದ ತಿಳಿವು ದೊಡ್ಡದು: ಕಥೆಯ ನಾಯಕ ನಿಲ್ಲುವ ನೆಲವನ್ನೂ ಅವನ ತಲೆಯ ಮೇಲಿನ ಆಕಾಶವನ್ನೂ ಬಿಟ್ಟರೆ ಕಥೆ ಪೂರ್ಣವಾಗದು. 1955ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಈ ತಿಳಿವಿಗೆ ಹೊಸ ಜೀವ ಕೊಟ್ಟಿತು. ಸಹ್ಯಾದ್ರಿಯ ಮಳೆ, ಕಾಡು, ಹಕ್ಕಿಗಳು ಅಲ್ಲಿ ಅಲಂಕಾರಕ್ಕಾಗಿ ಬಂದವಲ್ಲ. ರಾಮನ ವನವಾಸ ನಡೆಯುವುದೇ ಅವುಗಳ ನಡುವೆ.

ಕವಿಗಳಿಗಿಂತ ಒಂದು ಹೆಜ್ಜೆ ಮುಂದೆ ಹೋದವರು ಶಿಲ್ಪಿಗಳು. ಬಾದಾಮಿಯ ಮೂರನೆಯ ಗುಹೆಯನ್ನು ನೋಡಿ. ಶಕವರ್ಷ 500, ಅಂದರೆ ಕ್ರಿ.ಶ. 578ರ ಮಂಗಳೇಶನ ಶಾಸನ ಅಲ್ಲಿದೆ. ಭೂದೇವಿಯನ್ನು ಎತ್ತಿಹಿಡಿದ ವರಾಹ ಅಲ್ಲಿ ಭೂಮಿಯ ಒಡಲಿನೊಳಗೇ, ಆ ಕೆಂಪು ಮರಳುಗಲ್ಲಿನಲ್ಲಿಯೇ ಮೂಡಿ ನಿಂತಿದ್ದಾನೆ. ಗುಹೆಯಿಂದ ಹೊರಕ್ಕೆ ಕಣ್ಣು ಹಾಯಿಸಿದರೆ ಕೆಳಗೆ ಅಗಸ್ತ್ಯತೀರ್ಥದ ನೀರು. ನೆಲವನ್ನು ನೀರಿನಿಂದೆತ್ತಿದ ಕಥೆಗೆ ಇದಕ್ಕಿಂತ ತಕ್ಕ ಪ್ರದರ್ಶನಶಾಲೆಯನ್ನು ಯಾರು ಕಟ್ಟಿಯಾರು? ಮಾಮಲ್ಲಪುರದ ಪಲ್ಲವಶಿಲ್ಪವೂ ಇಂಥದೇ. ಅದು ಅರ್ಜುನನ ತಪಸ್ಸೋ ಭಗೀರಥನ ತಪಸ್ಸೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಬಂಡೆಯಲ್ಲಿ ಸಹಜವಾಗಿದ್ದ ಸೀಳನ್ನು ಶಿಲ್ಪಿ ದೋಷವೆಂದು ಮುಚ್ಚಲಿಲ್ಲ. ಅದರಲ್ಲಿ ನಾಗರನ್ನು ಕಡೆದು ಅದನ್ನೇ ನದಿಯಾಗಿಸಿದ. ಮೇಲುಗಡೆ ನೀರು ತುಂಬಿಡುವ ತೊಟ್ಟಿಯಿದ್ದ ಕುರುಹುಗಳನ್ನೂ ವಿದ್ವಾಂಸರು ಗುರುತಿಸಿದ್ದಾರೆ. ದೇವತೆಗಳ ಆ ಮಹಾಸಭೆಯಲ್ಲಿ ಹಿಂಗಾಲಿನಿಂದ ಮೂಗು ತುರಿಸಿಕೊಳ್ಳುವ ಜಿಂಕೆಗೂ ಜಾಗವುಂಟು. ಜಿಂಕೆಯನ್ನು ಬಹುಕಾಲ ನೋಡಿದವನಿಗಲ್ಲದೆ ಅದು ಹೊಳೆಯುವಂಥದಲ್ಲ.

ಹೊಸಗಾಲದ ಚಿತ್ರಕಾರರಲ್ಲಿಯೂ ಇದಕ್ಕೆ ನಿದರ್ಶನವಿದೆ. ಮೈಸೂರಿನ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದವರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥಕ್ಕೆ ರಾಮಾಯಣದ ಚಿತ್ರಗಳನ್ನು ಬರೆದವರಲ್ಲಿ ಒಬ್ಬರು. ಮುಂದೆ ಉದಕಮಂಡಲದ ಮಂಜನ್ನೂ ಮೋಡವನ್ನೂ ಕೆರೆಯ ಮೇಲಿನ ಬೆಳಕನ್ನೂ ಜಲವರ್ಣದಲ್ಲಿ ಹಿಡಿದ ಕೈಯೂ ಅದೇ. ಈ ಎರಡು ಬಗೆಯ ಚಿತ್ರಗಳನ್ನು ಎರಡು ಕೋಣೆಗಳಿಗೆ ಹಂಚುವುದು ಸುಲಭ. ಅಕ್ಕಪಕ್ಕದಲ್ಲಿಟ್ಟರೆ ಮಾತ್ರ, ರಾಮಕಥೆಯನ್ನು ಬರೆದ ಸಂಯಮವೇ ಮಂಜನ್ನು ನೋಡುವ ತಾಳ್ಮೆಯಾಗಿ ಬೆಳೆದುದು ಕಾಣುತ್ತದೆ.

ಹಾಗಾದರೆ ಪ್ರದರ್ಶನವನ್ನು ಹೇಗೆ ಕಟ್ಟಬೇಕು? ದೇವತೆಗಳ ಹೆಸರಿನಿಂದಲೂ ಚಿತ್ರಕಾರರ ಹೆಸರಿನಿಂದಲೂ ಕೋಣೆಗಳನ್ನು ವಿಂಗಡಿಸದೆ, ಋತುಗಳಿಂದ ವಿಂಗಡಿಸಬೇಕೆಂಬುದು ನನ್ನ ಸೂಚನೆ. ವರ್ಷಾಕಾಲದ ಒಂದು ಕೋಣೆಯಿರಲಿ. ವಾಲಿವಧೆಯ ಅನಂತರ ಸೀತೆಯ ಸುದ್ದಿಯಿಲ್ಲದೆ ರಾಮ ಮಳೆಗಾಲವನ್ನೆಲ್ಲ ಬೆಟ್ಟದ ಮೇಲೆ ಕಳೆಯುತ್ತಾನೆ. ಮಳೆ ನಿಲ್ಲುವ ತನಕ ಅವತಾರಪುರುಷನೂ ಕಾಯಬೇಕು. ಜನರ ನಂಬಿಕೆಯ ಮಾಲ್ಯವಂತ ಹಂಪಿಯ ಬಳಿಯೇ ಇದೆ. ಆ ಬಂಡೆಗಳ ಮೇಲೆ ಮೋಡ ಕವಿದ ಚಿತ್ರವೊಂದನ್ನು ವಿರಹಿ ರಾಮನ ಪಕ್ಕದಲ್ಲಿ ತೂಗುಹಾಕಿದರೆ, ‘ಮತ್ತು’ ಎಂಬ ಪದವನ್ನು ಶೀರ್ಷಿಕೆಯಿಂದ ತೆಗೆದುಹಾಕಬಹುದು.

ಚಿತ್ರದ ಕೆಳಗಿನ ಚೀಟಿಯ ವಿಷಯವಾಗಿಯೂ ಒಂದು ಮಾತು. ‘ಅಶೋಕವನದಲ್ಲಿ ಸೀತೆ’ ಎಂದಷ್ಟೇ ಬರೆದರೆ ಸಾಲದು. ಶಾಲೆಗಳ ಅಂಗಳದಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ ಮರವನ್ನು ಅಶೋಕವೆಂದು ಕರೆಯುವುದು ರೂಢಿಯಾಗಿಬಿಟ್ಟಿದೆ. ಕಾವ್ಯಗಳ ಅಶೋಕ ಬೇರೆ. ಅದು ಕಿತ್ತಳೆ-ಕೆಂಪು ಹೂಗೊಂಚಲುಗಳನ್ನು ಕಾಂಡಕ್ಕಂಟಿದಂತೆ ಬಿಡುವ ಮರ. ಸುತ್ತಲೂ ಅಷ್ಟು ಚೆಲುವು ತುಂಬಿದ್ದಾಗಲೂ ಸೀತೆ ದುಃಖಿಯಾಗಿದ್ದಳೆಂಬುದು ಮರವನ್ನು ಬಲ್ಲವನಿಗೆ ಮಾತ್ರ ತಟ್ಟುತ್ತದೆ. ಚೀಟಿ ಕನ್ನಡದಲ್ಲಿರಲಿ; ಕಥೆಯ ಹೆಸರಿನೊಡನೆ ಮರದ ಹೆಸರನ್ನೂ ಹೇಳಲಿ.

ಇದಕ್ಕೆ ಒಂದು ಆಕ್ಷೇಪಣೆ ಬರುತ್ತದೆಂದು ಬಲ್ಲೆ. ‘ಬೆಟ್ಟಕ್ಕೆ ಬೆಟ್ಟವಾಗಿರುವ ಹಕ್ಕಿಲ್ಲವೇ? ಪ್ರತಿಯೊಂದು ಹೊಳೆಗೂ ದೇವತೆಯನ್ನು ಏಕೆ ಅಂಟಿಸಬೇಕು?’ ಆಕ್ಷೇಪಣೆ ನ್ಯಾಯವಾದದ್ದು. ಬೆಂಗಳೂರಿನ ಹೂಮರಗಳನ್ನು ಒಲಿದು ಬರೆದ ರುಮಾಲೆ ಚನ್ನಬಸವಯ್ಯನವರಿಗೆ ಕಥೆಯ ಆಸರೆ ಬೇಕಾಗಲಿಲ್ಲ. ಎಲ್ಲ ಚಿತ್ರಗಳಿಗೂ ಪುರಾಣದ ಉಡುಪು ತೊಡಿಸಿರೆಂದು ನಾನು ಹೇಳುತ್ತಿಲ್ಲ. ಪುರಾಣದಿಂದ ಪ್ರಕೃತಿಯನ್ನು ಕಿತ್ತುಹಾಕಬೇಡಿರಿ ಎಂದಷ್ಟೇ ನನ್ನ ವಾದ. ಬೆಟ್ಟ ದೇವರಿಲ್ಲದೆಯೂ ಚಿತ್ರವಾಗಬಲ್ಲದು. ಗೋವರ್ಧನವಿಲ್ಲದ ಗಿರಿಧಾರಿ ಏನನ್ನು ಎತ್ತಿಯಾನು?

ಇದು ಕೇವಲ ರಸಿಕರ ಚರ್ಚೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ನಾಗಬನಗಳನ್ನು ಓದುಗರು ಬಲ್ಲರು. ಕೊಡಲಿ ತಾಗದ ಮರಗಳು, ಹೆಣೆದುಕೊಂಡ ಬಳ್ಳಿಗಳು, ಹಗಲಲ್ಲೂ ಕವಿದ ನೆರಳು, ಅದರ ನಡುವೆ ನಾಗರಕಲ್ಲು. ಕೊಡಗಿನಲ್ಲಿ ಸಾವಿರಕ್ಕೂ ಮಿಕ್ಕ ದೇವರಕಾಡುಗಳು ಲೆಕ್ಕದಲ್ಲಿವೆ. ಕಾಡಿಗೆ ದೇವರ ಹೆಸರಿಟ್ಟು ಅದನ್ನು ಉಳಿಸಿಕೊಂಡ ಜನ ನಾವು. ಆದರೆ ಈಚೆಗೆ ಎಷ್ಟೋ ಕಡೆ ಬನವನ್ನು ಬೋಳಿಸಿ ನಾಗನಿಗೆ ಸಿಮೆಂಟಿನ ಕಟ್ಟೆ ಕಟ್ಟಿದ್ದಾರೆ. ಕಲ್ಲು ಉಳಿಯಿತು, ಪೂಜೆ ಉಳಿಯಿತು, ಭಕ್ತಿಗೂ ಕೊರತೆಯಿಲ್ಲ. ನಾಗನಿಗೆ ಹರಿದಾಡಲು ತರಗೆಲೆಯ ನೆಲ ಮಾತ್ರ ಇಲ್ಲ.

ದೇವತೆಗಳನ್ನು ಒಂದು ಗೋಡೆಗೂ ಮರಗಳನ್ನು ಇನ್ನೊಂದಕ್ಕೂ ತಗುಲಿಸುವ ಪ್ರದರ್ಶನ ತಿಳಿಯದೆಯೇ ಇದೇ ಪಾಠವನ್ನು ಕಲಿಸುತ್ತದೆ. ಬನವಿಲ್ಲದೆಯೂ ನಾಗನಿದ್ದಾನು, ನೀರಿಲ್ಲದೆಯೂ ಗಂಗೆಯಿದ್ದಾಳು ಎಂದು ಎಳೆಯರನ್ನು ನಂಬಿಸುತ್ತದೆ. ಆದ್ದರಿಂದ ಪ್ರದರ್ಶನ ಏರ್ಪಡಿಸುವ ಮಿತ್ರರಲ್ಲಿ ನನ್ನ ಅರಿಕೆ ಇಷ್ಟು: ಚಿತ್ರಗಳು ಕಡಿಮೆಯಾದರೂ ಚಿಂತೆಯಿಲ್ಲ, ಅವುಗಳ ನೆಂಟಸ್ತಿಕೆ ಕಾಣಲಿ. ಉಪಾಧ್ಯಾಯರಲ್ಲಿಯೂ ಒಂದು ಅರಿಕೆ. ವಿದ್ಯಾರ್ಥಿಗಳನ್ನು ಕರೆದೊಯ್ದಾಗ ನೋಡಿದ ಚಿತ್ರಗಳ ಪಟ್ಟಿಯನ್ನು ಬರೆಸಬೇಡಿರಿ. ಹೊರಗೆ ಬಂದ ಮೇಲೆ ಎದುರಿಗೆ ಕಂಡ ಮೊದಲ ಮರದ ಹೆಸರನ್ನು ಕೇಳಿರಿ. ಗೊತ್ತಿಲ್ಲವೆಂದರೆ ಅದರ ಕೆಳಗೆ ಅವರೊಡನೆ ಒಂದು ಗಳಿಗೆ ಕುಳಿತುಕೊಳ್ಳಿರಿ.