ಸೈಕಲ್ ಸೀಟು ಹಿಡಿಯುವ ಕೈ



ನನ್ನ ಮೊಮ್ಮಗಳು ಆರನೇ ತರಗತಿ. ಬೇಸಿಗೆ ರಜೆಯಲ್ಲಿ ಒಂದು ದಿನ ಜಗಲಿಯಲ್ಲಿ ಸೈಕಲ್ ಒರೆಸುತ್ತಾ ಕೂತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು: "ಅಜ್ಜಾ, ನಿಂಗೆ ಸೈಕಲ್ ಬರುತ್ತೆ, ಮಾಮಂಗೂ ಬರುತ್ತೆ. ಅಮ್ಮಂಗೆ ಮಾತ್ರ ಯಾಕೆ ಬರಲ್ಲ?"

ಅಡುಗೆಮನೆಯಿಂದ ಮಗಳು, "ನಿಮ್ಮಜ್ಜನ್ನೇ ಕೇಳು" ಎಂದಳು. ಅವಳು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಅದು 1991ನೇ ಇಸವಿ. ಮಗಳು ಆಗ ಎಂಟನೇ ತರಗತಿ. ಹೈಸ್ಕೂಲು ಮನೆಯಿಂದ ಎರಡೂವರೆ ಕಿಲೋಮೀಟರ್. ನಾನು ದಿನವೂ ಬ್ಯಾಂಕಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದೆ. ಮಗನಿಗೆ ಹತ್ತು ತುಂಬುವ ಮೊದಲೇ ಕಲಿಸಿದ್ದೆ. "ಅಪ್ಪಾ, ನಂಗೂ ಕಲಿಸು" ಎಂದು ಅವಳು ಕೇಳಿದಾಗ ಏನೆಂದೆ ಗೊತ್ತೇ? "ನಮ್ಮೂರಲ್ಲಿ ಯಾವ ಹುಡುಗಿ ಸೈಕಲ್ ಹೊಡೀತಾಳೆ? ನೋಡಿದವರು ನಗ್ತಾರೆ." ಅವಳು ಮತ್ತೆ ಕೇಳಲಿಲ್ಲ. ಮೂರು ವರ್ಷ ಮಳೆ-ಬಿಸಿಲಲ್ಲಿ ನಡೆದೇ ಹೋದಳು.

ಹೆಚ್ಚುಕಡಿಮೆ ಅದೇ ಸಮಯದಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಬೇರೆಯೇ ಕಥೆ ನಡೆಯುತ್ತಿತ್ತು. ಅಲ್ಲಿ ದೊಡ್ಡವರಿಗೆ ಓದು-ಬರಹ ಕಲಿಸುವ ಸಾಕ್ಷರತಾ ಆಂದೋಲನ ನಡೆದಿತ್ತು. ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್. ಹೆಂಗಸರು ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಯಲಿ ಎಂದು ಅವರು ಮುಂದೆ ನಿಂತರು. ಸೈಕಲ್ ಕೊಳ್ಳಲು ಬ್ಯಾಂಕುಗಳಿಂದ ಸಾಲ ಕೊಡಿಸಿದರು. ಕೂಲಿ ಮಾಡುವವರು, ಕಲ್ಲು ಕ್ವಾರಿಯವರು, ಅಂಗನವಾಡಿಯವರು ಎಲ್ಲರೂ ಕಲಿತರು. ಲೇಡೀಸ್ ಸೈಕಲ್ ಸಾಲದೆ ಬಂದಾಗ ಗಂಡಸರ ಸೈಕಲ್ಲನ್ನೇ ಹತ್ತಿದರು. ಮುಂದಿನ ಕಂಬಿಯ ಮೇಲೆ ಮಗುವನ್ನು ಕೂರಿಸಿಕೊಳ್ಳಲು ಅದೇ ಅನುಕೂಲ ಎಂದವರೂ ಇದ್ದರು. 1992ರ ಮಹಿಳಾ ದಿನದಂದು ಸಾವಿರಕ್ಕೂ ಹೆಚ್ಚು ಹೆಂಗಸರು ಗಂಟೆ ಬಾರಿಸುತ್ತಾ ಸೈಕಲ್ ಮೆರವಣಿಗೆ ಹೊರಟರು.

ಅಲ್ಲಿ ನಕ್ಕವರು ಇರಲಿಲ್ಲವೇ? ಇದ್ದರು. ಆದರೆ ಜಿಲ್ಲೆಗೆ ದೊಡ್ಡವರು ಜೊತೆಗೆ ನಿಂತಾಗ ನಗುವವರ ಬಾಯಿ ತಾನಾಗಿ ಮುಚ್ಚುತ್ತದೆ. ಬ್ಯಾಂಕಿನ ಗುಮಾಸ್ತನಾದ ನಾನು ಮಾತ್ರ ನಾಲ್ಕು ಜನರ ನಗುವಿಗೆ ಹೆದರಿ ಕೂತಿದ್ದೆ!

ನಮ್ಮ ರಾಜ್ಯದಲ್ಲೂ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಉಚಿತವಾಗಿ ಸೈಕಲ್ ಕೊಡತೊಡಗಿತು. ಹಳ್ಳಿ ಹಳ್ಳಿಯ ರಸ್ತೆಯಲ್ಲಿ ಹುಡುಗಿಯರ ಸಾಲು ಕಂಡೆ. ಯಾರೂ ನಗಲಿಲ್ಲ. ಆಗ ನನ್ನ ಮಗಳಿಗೆ ಮದುವೆಯಾಗಿತ್ತು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳು ಸುಮ್ಮನೆ ಕೂರುವವಳಲ್ಲ. "ಹಾಗಾದ್ರೆ ನಮ್ಮೂರ ದೊಡ್ಡವರನ್ನೂ ಸೈಕಲ್ ಹತ್ತಿಸೋಣ" ಎಂದಳು. ಜೂನ್ 3 ವಿಶ್ವ ಸೈಕಲ್ ದಿನ. 2018ರಲ್ಲಿ ವಿಶ್ವಸಂಸ್ಥೆ ಘೋಷಿಸಿದ್ದು. ಆ ದಿನ ಶಾಲೆಯವರೆಗೆ ನಮ್ಮ ಜೊತೆ ಸೈಕಲ್ಲಿನಲ್ಲಿ ಬನ್ನಿ ಎಂದು ಗೆಳತಿಯರೊಂದಿಗೆ ಕೂತು ಪತ್ರ ಬರೆದಳು. ಮುಖ್ಯೋಪಾಧ್ಯಾಯರಿಗೊಂದು, ಡಾಕ್ಟರಿಗೊಂದು, ನಮ್ಮ ಬೀದಿಯ ಪಂಚಾಯಿತಿ ಸದಸ್ಯೆಗೊಂದು.

ಸದಸ್ಯೆ ಪತ್ರ ಓದಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಪುಟ್ಟಿ, ನಂಗೆ ಸೈಕಲ್ ಬರಲ್ಲ ಕಣೇ. ಮನೇಲಿ ಕಲಿಸಲಿಲ್ಲ" ಎಂದರು. ಅವರಿಗೂ ನನ್ನ ಮಗಳದೇ ವಯಸ್ಸು. ನಾನು ತಲೆ ತಗ್ಗಿಸಿದೆ.

ಅಂದಿನಿಂದ ಬೆಳಿಗ್ಗೆ ಆರಕ್ಕೆ ಶಾಲೆಯ ಮೈದಾನದಲ್ಲಿ ನಮ್ಮ ಪಾಠ. ವಿದ್ಯಾರ್ಥಿಗಳು ಇಬ್ಬರು: ಸದಸ್ಯೆ ಮತ್ತು ನನ್ನ ಮಗಳು. ಎರಡೂ ಕಾಲು ನೆಲಕ್ಕೆ ತಾಗುವಷ್ಟು ಸೀಟು ಇಳಿಸಿದೆವು. ಮೊದಲು ಪೆಡಲ್ ಮುಟ್ಟದೆ ಕಾಲಿನಿಂದ ತಳ್ಳಿಕೊಂಡು ಹೋಗುವುದು. ತೂಕ ಹಿಡಿತಕ್ಕೆ ಬಂದ ಮೇಲೆ ಪೆಡಲ್. ಅಜ್ಜ-ಅಜ್ಜಿಯರೇ, ದೊಡ್ಡವರಿಗೆ ಕಲಿಸುವಾಗ ಇದು ನೆನಪಿರಲಿ.

ಜೂನ್ 3ರಂದು ಸದಸ್ಯೆ ಪೂರ್ತಿ ದಾರಿ ತುಳಿಯಲಿಲ್ಲ. ಅರ್ಧ ತುಳಿದು, ಅರ್ಧ ತಳ್ಳಿಕೊಂಡು ಬಂದರು. ಶಾಲೆಯ ತಿರುವಿನಲ್ಲಿ ಚಪ್ಪಡಿ ಮುರಿದ ಮೋರಿಯ ಬಳಿ ನಿಂತುಬಿಟ್ಟರು. "ಯಜಮಾನರ ಬೈಕಿನ ಹಿಂದೆ ಕೂತು ದಿನಾ ಇದೇ ದಾರೀಲಿ ಹೋಗ್ತೀನಿ. ಇದು ಕಂಡೇ ಇರಲಿಲ್ಲ" ಎಂದರು. ಹದಿನೈದು ದಿನದಲ್ಲಿ ಹೊಸ ಚಪ್ಪಡಿ ಬಂತು. ಆ ಮೋರಿಗೆ ಹೆದರಿ ಮಕ್ಕಳನ್ನು ಸೈಕಲ್ಲಿನಲ್ಲಿ ಕಳಿಸದೆ ಇದ್ದ ಎರಡು ಮನೆಯವರು ಈಗ ಕಳಿಸುತ್ತಿದ್ದಾರೆ.

ಮಕ್ಕಳೇ, ನೀವೂ ನಿಮ್ಮೂರ ಹಿರಿಯರಿಗೆ ಒಂದು ಪತ್ರ ಬರೆಯಿರಿ. ಭಾಷಣಕ್ಕೆ ಕರೆಯಬೇಡಿ, ಬಾವುಟ ತೋರಿಸಿ ಕಾರು ಹತ್ತಲು ಕರೆಯಬೇಡಿ. ನೀವು ದಿನವೂ ಹೋಗುವ ದಾರಿಯಲ್ಲಿ, ನೀವು ಹೋಗುವ ಹೊತ್ತಿಗೆ, ಒಂದು ದಿನ ನಿಮ್ಮ ಜೊತೆ ಸೈಕಲ್ ತುಳಿಯಲು ಕರೆಯಿರಿ. ಗುಂಡಿ ಎಲ್ಲಿದೆ, ನೆರಳು ಎಲ್ಲಿಲ್ಲ ಎಂಬುದು ಅವರಿಗೇ ತಿಳಿಯುತ್ತದೆ. ಬರದವರಿದ್ದರೆ ಕಲಿಸಿ. ಯಾರೂ ನಗಬೇಡಿ.

ಕಳೆದ ಭಾನುವಾರ ಮಗಳ ಸೀಟು ಹಿಡಿದು ಓಡುತ್ತಿದ್ದೆ. ಎಪ್ಪತ್ತನಾಲ್ಕರ ಕಾಲು, ಸ್ವಲ್ಪ ದೂರಕ್ಕೇ ಸೋತಿತು. ಕೈ ಬಿಟ್ಟೆ. ಅವಳಿಗೆ ಅದು ಗೊತ್ತಾಗಲಿಲ್ಲ. "ಅಪ್ಪಾ, ಬಿಡಬೇಡ!" ಎಂದು ಕೂಗುತ್ತಲೇ ಮೈದಾನದ ಆ ತುದಿಯವರೆಗೆ ಹೋದಳು.