ಕೆರೆಯ ದಂಡೆಯ ಎರಡನೆಯ ಮನೆ: ಹೂಡಿಕೆಯೋ, ಹಂಬಲವೋ?

ಈಚಿನ ಕೆಲವು ವರ್ಷಗಳಿಂದ ನಮ್ಮ ಲಕ್ಷ್ಮೀ ನಗರ ಹಾಗೂ ಆಸುಪಾಸಿನ ಬಡಾವಣೆಗಳ ಕನ್ನಡ ಮನೆಗಳಲ್ಲಿ ನಾಲ್ವರು ಹಿರಿಯರು ಕೂಡಿದರೆ ಒಂದು ವಿಷಯ ತಪ್ಪದೆ ಪ್ರಸ್ತಾಪಕ್ಕೆ ಬರುತ್ತಿದೆ. ಹಿಂಗಣಾ ತಾಲೂಕಿನ ಝಿಲ್ಪಿ ಕೆರೆಯ ಬಳಿ, ರಾಮಟೇಕದ ಖಿಂಡ್ಸಿ ಜಲಾಶಯದ ಕಡೆ, ಅಥವಾ ಪೆಂಚ್ ಹಿನ್ನೀರಿನ ಸಮೀಪ ಒಂದು ನಿವೇಶನ ಕೊಂಡು ಪುಟ್ಟ ಮನೆ ಕಟ್ಟಿಸಿದರೆ ಹೇಗೆ ಎಂಬುದೇ ಆ ವಿಷಯ. ಇದು ಸಹಜವೇ. ರೈಲ್ವೆ, ಬ್ಯಾಂಕು, ಸರಕಾರಿ ಕಚೇರಿಗಳಲ್ಲಿ ಮೂವತ್ತು ಮೂವತ್ತೈದು ವರ್ಷ ದುಡಿದ ಪೀಳಿಗೆಯೊಂದು ಈಗ ನಿವೃತ್ತಿಯ ಹೊಸ್ತಿಲಲ್ಲಿದೆ. ಮಕ್ಕಳು ಪುಣೆ, ಬೆಂಗಳೂರು, ಅಮೆರಿಕಗಳಲ್ಲಿ ನೆಲೆಸಿದ್ದಾರೆ. ಭವಿಷ್ಯನಿಧಿ, ಗ್ರಾಚ್ಯುಟಿಗಳ ಇಡುಗಂಟು ಒಮ್ಮೆಲೇ ಕೈಸೇರುತ್ತದೆ. ಅದೇ ಹೊತ್ತಿಗೆ ಬಣ್ಣಬಣ್ಣದ ಕರಪತ್ರವೂ ಮನೆಬಾಗಿಲಿಗೆ ಬರುತ್ತದೆ.

ನೀರಿನ ದಂಡೆಯಲ್ಲೊಂದು ಮನೆ ಬೇಕೆಂಬ ಆಸೆಯನ್ನು ನಾವು ತಪ್ಪೆನ್ನುವುದಿಲ್ಲ. ಯಕ್ಷನು ಮೋಡವನ್ನು ಕಂಡು ಮರುಗಿದ ರಾಮಗಿರಿಯೇ ನಮ್ಮ ರಾಮಟೇಕವೆಂದು ನಂಬುವವರಿದ್ದಾರೆ. ಆಷಾಢದಲ್ಲಿ ಖಿಂಡ್ಸಿಯ ದಂಡೆಯ ಮೇಲೆ ನಿಂತವರಿಗೆ ಆ ನಂಬಿಕೆ ಅಸಹಜವೆನಿಸದು. ನಮ್ಮ ತಕರಾರು ಇರುವುದು 'ಹೂಡಿಕೆ' ಎಂಬ ಮಾತಿಗೆ ಮಾತ್ರ. ಬ್ಯಾಂಕಿನ ಮೇಜಿನ ಈಚೆ ಕುಳಿತು ದಶಕಗಳಿಂದ ಇಂಥ ಲೆಕ್ಕಗಳನ್ನು ನೋಡುತ್ತ ಬಂದ ನಮಗೆ ಆ ಮಾತು ಇಲ್ಲಿ ಒಪ್ಪುವುದಿಲ್ಲ.

ಒಂದು ಸರಳ ಲೆಕ್ಕವನ್ನು ನೋಡೋಣ. ಮನೆ, ನಿವೇಶನ ಎರಡೂ ಸೇರಿ 30 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಇಷ್ಟೇ ಮೊತ್ತ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಗರಿಷ್ಠ ಮಿತಿಯೂ ಹೌದು. 2023ರ ಏಪ್ರಿಲ್‌ನಲ್ಲಿ ಆ ಮಿತಿ 15 ಲಕ್ಷದಿಂದ 30 ಲಕ್ಷಕ್ಕೆ, ಬಡ್ಡಿ ಶೇಕಡಾ 8.2ಕ್ಕೆ ಏರಿತು. ಆ ದರದಲ್ಲಿ ವರ್ಷಕ್ಕೆ 2,46,000 ರೂಪಾಯಿ ಬಡ್ಡಿ, ಅಂದರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಕೈಗೆ ಬರುತ್ತದೆ. ಅದು ತೆರಿಗೆಗೆ ಒಳಪಟ್ಟದ್ದು ನಿಜ. ಈಗ ಆ ಹಣ ಕೆರೆಯ ದಂಡೆಗೆ ಹೋಯಿತೆನ್ನಿ. ಕಾವಲುಗಾರನಿಗೆ ತಿಂಗಳಿಗೆ 10,000 ರೂಪಾಯಿ ಹಿಡಿದರೂ ವರ್ಷಕ್ಕೆ 1,20,000 ರೂಪಾಯಿ. ಬಿಟ್ಟುಹೋದ ಬಡ್ಡಿ ಹಾಗೂ ಈ ಸಂಬಳ ಸೇರಿ 3,66,000. ವರ್ಷದಲ್ಲಿ ನೀವು ಅಲ್ಲಿ ಇಪ್ಪತ್ತು ರಾತ್ರಿ ತಂಗಿದರೆ ಒಂದು ರಾತ್ರಿಯ ಬೆಲೆ 18,300 ರೂಪಾಯಿ! ಸುಣ್ಣಬಣ್ಣ, ಗೆದ್ದಲು, ಪಂಪು, ಗ್ರಾಮ ಪಂಚಾಯಿತಿಯ ಕರ ಇವನ್ನಿನ್ನೂ ನಾವು ಎಣಿಸಿಲ್ಲ. ಇಪ್ಪತ್ತು ರಾತ್ರಿ ಎಂಬುದೂ ಉದಾರವಾದ ಅಂದಾಜೇ. ಮೊದಲ ವರ್ಷದ ಉತ್ಸಾಹ ಮೂರನೆಯ ವರ್ಷಕ್ಕೆ ಉಳಿಯುವುದು ಅಪರೂಪ.

'ಆದರೆ ಭೂಮಿಯ ಬೆಲೆ ಏರುತ್ತದಲ್ಲ' ಎಂಬ ಪ್ರಶ್ನೆ ಬಂದೇ ಬರುತ್ತದೆ. ಹತ್ತು ವರ್ಷದಲ್ಲಿ ಬೆಲೆ ಇಮ್ಮಡಿಯಾಯಿತೆಂದು ಹೆಮ್ಮೆಪಡುವವರು ಗಮನಿಸಬೇಕಾದುದೇನೆಂದರೆ, ಅದು ವರ್ಷಕ್ಕೆ ಸುಮಾರು ಶೇಕಡಾ 7.2ರ ಚಕ್ರಬಡ್ಡಿಗೆ ಸಮ, ಅಷ್ಟೇ. ಮುದ್ರಾಂಕ ಶುಲ್ಕ, ದಲ್ಲಾಳಿಯ ಕಮಿಷನ್ ಅದರಲ್ಲೇ ಕಳೆಯಬೇಕು. 2024ರ ಜುಲೈ 23ರಿಂದೀಚೆಗೆ ಕೊಂಡ ಆಸ್ತಿಯ ದೀರ್ಘಾವಧಿ ಲಾಭಕ್ಕೆ ಶೇಕಡಾ 12.5 ತೆರಿಗೆ, ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿ ತೋರಿಸುವ ಹಳೆಯ ಸೌಲಭ್ಯವೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆಸ್ಪತ್ರೆಯ ಖರ್ಚು ಎದುರಾದಾಗ ಠೇವಣಿ ಒಂದೇ ದಿನದಲ್ಲಿ ಮುರಿಯುತ್ತದೆ; ಹಳ್ಳಿಯಂಚಿನ ಮನೆಗೆ ಗಿರಾಕಿ ಸಿಗಲು ವರ್ಷವೇ ಬೇಕಾದೀತು.

ಇನ್ನು ನೀರಿನ ಮಾತು. ನಾವು ಕೊಳ್ಳುವುದು ನೆಲವನ್ನು. ಬೆಲೆ ಕೊಡುವುದು ನೀರಿಗೆ. ಆ ನೀರು ನಮ್ಮದಲ್ಲ. ನಾಗಪುರದ ಸುತ್ತಲಿನ ದೊಡ್ಡ ಕೆರೆಗಳೆಲ್ಲ ಬಹುತೇಕ ನೀರಾವರಿಗೋ ಕುಡಿಯುವ ನೀರಿಗೋ ಕಟ್ಟಿದ ಜಲಾಶಯಗಳು. ಮಳೆಗಾಲದ ಕೊನೆಗೆ ತುಂಬುವುದು, ಬೇಸಿಗೆಗೆ ಬರಿದಾಗುವುದು ಅವುಗಳ ಧರ್ಮ. ಕರಪತ್ರದ ಚಿತ್ರ ಅಕ್ಟೋಬರಿನದು. ಮೊಮ್ಮಕ್ಕಳು ರಜೆಗೆ ಬರುವುದು ಮೇ ತಿಂಗಳಲ್ಲಿ. ನಾಲ್ವತ್ತೈದು ಡಿಗ್ರಿ ಬಿಸಿಲಿನಲ್ಲಿ ಜಗಲಿಯಿಂದ ಕಾಣುವುದು ಬಿರಿದ ಕೆಸರು, ದೂರದಲ್ಲೆಲ್ಲೋ ಒಂದು ನೀರಿನ ಗೆರೆ. 2019ರ ಜುಲೈನಲ್ಲಿ ತೋತ್ಲಾಡೋಹ್ ಜಲಾಶಯ ತಳ ಕಂಡು ನಾಗಪುರಕ್ಕೆ ದಿನಬಿಟ್ಟು ದಿನ ನೀರು ಬಿಟ್ಟದ್ದು ಓದುಗರಿಗೆ ನೆನಪಿರಬಹುದು. ಮಳೆ ಕೈಕೊಟ್ಟದ್ದು ಒಂದು ಕಾರಣವಾದರೆ, ಪೆಂಚ್ ನದಿಯ ಮೇಲ್ಭಾಗದಲ್ಲಿ ಮಧ್ಯಪ್ರದೇಶ ಕಟ್ಟಿದ ಚೌರಾಯಿ ಅಣೆಕಟ್ಟು ಇನ್ನೊಂದು. ನೆರೆರಾಜ್ಯದ ಅಣೆಕಟ್ಟಿನ ಬಾಗಿಲಿನ ಮೇಲೆ ನಿಂತ ಆಸ್ತಿಮೌಲ್ಯವನ್ನು ಯಾವ ಲೆಕ್ಕಪತ್ರದಲ್ಲಿ ಬರೆಯುವುದು?

ನೀರು ಹೆಚ್ಚಾದರೂ ಕಷ್ಟವೇ. 2023ರ ಸೆಪ್ಟೆಂಬರ್ 23ರ ಬೆಳಗಿನ ಜಾವ ಕೆಲವೇ ಗಂಟೆಗಳಲ್ಲಿ ನೂರು ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದು ಅಂಬಾಝರಿ ಕೆರೆ ಉಕ್ಕಿ ಹರಿದಾಗ, ನಾಗ ನದಿಯ ಪಾತ್ರದ ಬಡಾವಣೆಗಳ ನೆಲಮಹಡಿಗಳು ಮುಳುಗಿದವು, ಜೀವಹಾನಿಯೂ ಆಯಿತು. ಕೆರೆಯ ನೆರೆ ಪ್ರತಿಷ್ಠೆಯ ವಿಳಾಸವೆಂದು ತಿಳಿದಿದ್ದ ಬಡಾವಣೆಗಳವು. ಮಹಾರಾಷ್ಟ್ರದ ಜಲಸಂಪನ್ಮೂಲ ಇಲಾಖೆ ನದಿಗಳಿಗೆ ನೀಲಿ ರೇಖೆ, ಕೆಂಪು ರೇಖೆ ಎಂದು ಗುರುತಿಸುತ್ತದೆ. ಮೊದಲನೆಯದು ಇಪ್ಪತ್ತೈದು ವರ್ಷಕ್ಕೊಮ್ಮೆ, ಎರಡನೆಯದು ನೂರು ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಮಟ್ಟ. ಅಣೆಕಟ್ಟಿನ ಕೆಳಗಡೆ ನಿವೇಶನ ನೋಡುವವರು ಮೊದಲು ಕೇಳಬೇಕಾದದ್ದು ಈ ರೇಖೆಗಳನ್ನು.

ಕಾಗದಪತ್ರದ ವಿಷಯದಲ್ಲಿ ನಮ್ಮವರು ಎಡವುವುದು ಹೆಚ್ಚು. ವಿದರ್ಭಕ್ಕೆಂದೇ ಇರುವ 1958ರ ಗೇಣಿ ಮತ್ತು ಕೃಷಿಭೂಮಿ ಕಾಯಿದೆಯ 89ನೆಯ ಕಲಮಿನಂತೆ ಕೃಷಿಕನಲ್ಲದವನಿಗೆ ಕೃಷಿಭೂಮಿಯನ್ನು ಅನುಮತಿಯಿಲ್ಲದೆ ಮಾರುವಂತಿಲ್ಲ. ಕರ್ನಾಟಕವು 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ್ದನ್ನು ಕೇಳಿ, ಇಲ್ಲಿಯೂ ಹಾಗೆಯೇ ಇರಬೇಕೆಂದು ಭಾವಿಸುವವರಿದ್ದಾರೆ, ಹಾಗಿಲ್ಲ. ಊರಿನ ಪಹಣಿಯಂತೆ ಇಲ್ಲಿನದು ಸಾತ್‌ಬಾರಾ. ಅದರಲ್ಲಿ ಹತ್ತು ಜನರ ಹೆಸರು ಕೂಡಿಸಿ 'ನಿಮ್ಮ ಪಾಲು' ಎಂದು ತೋರಿಸುವ ಫಾರ್ಮ್‌ಹೌಸ್ ಯೋಜನೆಗಳನ್ನು ದೂರದಿಂದಲೇ ನಮಸ್ಕರಿಸುವುದು ಲೇಸು. ಕೃಷಿಯೇತರ ಆದೇಶ ಇಲ್ಲದ ಇಂಥ ತುಂಡುಭೂಮಿಗೆ ಗೃಹಸಾಲ ಸಿಗುವುದಿಲ್ಲ. ಬ್ಯಾಂಕು ಹಿಂಜರಿಯುವ ಕಡೆ ಜೀವಮಾನದ ಉಳಿತಾಯವನ್ನು ನಗದಾಗಿ ಸುರಿಯುವುದೆಂತು?

ದೊಡ್ಡ ಹೆಸರು ಇದ್ದರೆ ಸಾಕೆಂಬುದೂ ಭ್ರಮೆ. ಪುಣೆಯ ಬಳಿ ವರಸಗಾಂವ್ ಅಣೆಕಟ್ಟಿನ ಹಿನ್ನೀರಿನಲ್ಲಿ ಎದ್ದ ಲವಾಸಾ ನಗರಕ್ಕೆ 2010ರ ನವೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯದ ತಡೆ ಬಂತು. 2018ರ ಆಗಸ್ಟ್‌ನಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಹಣ ಕಟ್ಟಿದ ಮಧ್ಯಮವರ್ಗದವರು ಸಾಲಗಾರರ ಸರದಿಯಲ್ಲಿ ನಿಂತರು. ಕೊಚ್ಚಿಯ ಮರಡುವಿನಲ್ಲಂತೂ ಹಿನ್ನೀರಿನ ದಂಡೆಯ ನಾಲ್ಕು ವಸತಿ ಸಂಕೀರ್ಣಗಳನ್ನು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ಸ್ಫೋಟಕವಿಟ್ಟು ಉರುಳಿಸಲಾಯಿತು. ಮಾಲೀಕರಿಗೆ ನ್ಯಾಯಾಲಯ ವಿಧಿಸಿದ ಮಧ್ಯಂತರ ಪರಿಹಾರ 25 ಲಕ್ಷ. ನಿಯಮ ಮುರಿದವರು ಕಟ್ಟಿದವರು. ಮನೆ ಕಳೆದುಕೊಂಡವರು ಕೊಂಡವರು.

ಕೆಲವರು ಊರಿನ ಸೆಳೆತದಿಂದ ಸಾಗರ, ಹೊಸನಗರದ ಕಡೆ ಶರಾವತಿ ಹಿನ್ನೀರಿನ ದಂಡೆಯನ್ನು ವಿಚಾರಿಸುತ್ತಿದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಹೊಲಮನೆ ಬಿಟ್ಟು ಹೊರಟ ಕುಟುಂಬಗಳ ಪೈಕಿ ಎಷ್ಟೋ ಮಂದಿ ತಾವು ಇಂದು ಉಳುವ ಭೂಮಿಯ ಹಕ್ಕುಪತ್ರಕ್ಕಾಗಿ ಈಗಲೂ ಕಚೇರಿಗಳನ್ನು ಅಲೆಯುತ್ತಿದ್ದಾರೆ. ಅಂಥ ನಾಡಿನಲ್ಲಿ ನೋಟಕ್ಕೆಂದು ಎಕರೆ ಹಿಡಿಯುವವನು ಆ ನೆಲದ ಮೂಲ ದಾಖಲೆಯನ್ನು ಎರಡು ಸಲ ಓದಬೇಕು. ಕಾನೂನಿಗಾಗಿ ಒಮ್ಮೆ, ಮನಸ್ಸಾಕ್ಷಿಗಾಗಿ ಒಮ್ಮೆ.

ಹಾಗಾದರೆ ಯಾರೂ ಕೊಳ್ಳಬಾರದೇ? ಪಿಂಚಣಿ ಭದ್ರವಾಗಿದ್ದು, ವಾಸದ ಮನೆಯ ಸಾಲ ತೀರಿದ್ದು, ಆರೋಗ್ಯ ವಿಮೆ ಸರಿಯಾಗಿದ್ದು, ಉಳಿದ ಹಣದ ಕಾಲುಭಾಗಕ್ಕೆ ಮೀರದಂತೆ ಖರ್ಚು ಮಾಡಬಲ್ಲವರು ಸಂತೋಷಕ್ಕಾಗಿ ಕೊಳ್ಳಲಿ, ಸಂತೋಷವೆಂದೇ ಬರೆದಿಟ್ಟುಕೊಳ್ಳಲಿ. ಮುಂಗಡ ಕೊಡುವ ಮುನ್ನ ಮೇ ತಿಂಗಳ ಮಧ್ಯಾಹ್ನ ಒಮ್ಮೆ, ಆಗಸ್ಟಿನ ಜಡಿಮಳೆಯಲ್ಲಿ ಒಮ್ಮೆ ಹೋಗಿ ಸ್ಥಳ ನೋಡಲಿ. ಸಾತ್‌ಬಾರಾ, ಕೃಷಿಯೇತರ ಆದೇಶ, ಯೋಜನೆಯಾದರೆ ಮಹಾರೇರಾ ನೋಂದಣಿ ಸಂಖ್ಯೆ, ಇವನ್ನು ಮಾರುವವನ ವಕೀಲರಲ್ಲದೆ ತಮ್ಮದೇ ವಕೀಲರಿಗೆ ತೋರಿಸಲಿ. ದೂರದಲ್ಲಿರುವ ಮಕ್ಕಳನ್ನೂ ಒಂದು ಮಾತು ಕೇಳಲಿ: ಮುಂದೆ ಆ ಮನೆಯ ಬೀಗದ ಕೈ ಹಿಡಿಯುವವರು ಯಾರು ಎಂದು.